ಪಾಲಿಲ್ಲದ ಮಗಳು

ವೇಲ್ಸ್‌ನ ಉತ್ತರದ ಆಂಗ್ಲ್‌ಸಿ ದ್ವೀಪದಲ್ಲಿ ಬೊಮಾರಿಸ್ ಎಂಬ ಪುಟ್ಟ ಊರಿದೆ. ಅಲ್ಲಿನ ಕೋಟೆ ನೋಡಿಕೊಂಡು ಹೊರಬಂದಾಗ ಮಳೆ ಹಿಡಿದುಕೊಂಡಿತು. ಹತ್ತಿರ ಕಂಡದ್ದು ಚರ್ಚು. ಅದರ ಮುಖಮಂಟಪದಲ್ಲಿ ನಿಂತು ಕೊಡೆ ಕೊಡವುತ್ತಿದ್ದವಳ ಕಣ್ಣಿಗೆ ಕಲ್ಲಿನ ಶವಪೆಟ್ಟಿಗೆಯೊಂದು ಬಿತ್ತು. ಅದರ ಮುಚ್ಚಳದ ಮೇಲೆ ಒಬ್ಬ ಹೆಣ್ಣುಮಗಳನ್ನು ಕೆತ್ತಿದ್ದಾರೆ. ತಲೆಗೆ ಗಲ್ಲದವರೆಗೆ ಸುತ್ತಿದ ಬಟ್ಟೆ, ಎದೆಯ ಮುಂದೆ ಎತ್ತಿ ಹಿಡಿದ ಎರಡು ಅಂಗೈಗಳು. ಸೊಂಟದಿಂದ ಕೆಳಗೆ ದೇಹವಿಲ್ಲ, ಬಳ್ಳಿಯಿದೆ. ಆ ಬಳ್ಳಿಯ ಬುಡವನ್ನು ರೆಕ್ಕೆಯುಳ್ಳ ಒಂದು ಪ್ರಾಣಿ ಬಾಯಲ್ಲಿ ಕಚ್ಚಿಕೊಂಡಿದೆ.

ಅದು ಶುವಾನಳ ಶವಪೆಟ್ಟಿಗೆ ಎನ್ನುತ್ತಾರೆ. ಇಂಗ್ಲೆಂಡಿನ ದೊರೆ ಜಾನ್‌ನ ಮಗಳು, ಗ್ವಿನೆದ್ ರಾಜ್ಯದ ಮಹಾ ಲೆವೆಲಿನ್‌ನ ಹೆಂಡತಿ. ಅವಳನ್ನು ಹೂಳಿದ್ದ ಲಾನ್‌ವೈಸ್‌ನ ಸನ್ಯಾಸಿ ಮಠವನ್ನು ಹದಿನಾರನೆಯ ಶತಮಾನದಲ್ಲಿ ಮುಚ್ಚಿದ ಮೇಲೆ ಈ ಪೆಟ್ಟಿಗೆ ಯಾರದೋ ಅಂಗಳ ಸೇರಿತು. ಅಲ್ಲಿ ಬಹಳ ಕಾಲ ಕುದುರೆಗಳಿಗೆ ನೀರಿನ ತೊಟ್ಟಿಯಾಗಿತ್ತು. 1808ರಲ್ಲಿ ಅದನ್ನು ಅಲ್ಲಿಂದ ಬಿಡಿಸಿ ತಂದರು.

ಆ ಒಳಗುಳಿಯನ್ನು ನಾನು ಬಗ್ಗಿ ನೋಡಿದೆ. ರಾಣಿಯೊಬ್ಬಳು ಮಲಗುವಷ್ಟೇ ಅಗಲ. ಕುದುರೆಯ ಮೂತಿ ಇಳಿಯುವುದಕ್ಕೂ ಅಷ್ಟೇ ಸಾಕು. ಕೋಟೆಯಲ್ಲಿ ಕಳೆದ ಎರಡು ತಾಸು ಮನಸ್ಸಿನಲ್ಲಿ ಉಳಿಯಲಿಲ್ಲ, ಈ ತೊಟ್ಟಿ ಉಳಿಯಿತು. ಗ್ವಿನೆದ್‌ನ ಅರಸುಮನೆತನವನ್ನು ನಾನು ಓದತೊಡಗಿದ್ದು ಅಲ್ಲಿಂದಲೇ.

ಶುವಾನಳ ಬದುಕು ಸುಲಭದ್ದಲ್ಲ. ಅವಳು ಜಾನ್ ದೊರೆಗೆ ಮದುವೆಯಾಚೆ ಹುಟ್ಟಿದವಳು. 1205ರಲ್ಲಿ ಲೆವೆಲಿನ್‌ಗೆ ಕೊಟ್ಟರು. ಅಪ್ಪ ಗಂಡನ ಮೇಲೆ ದಂಡೆತ್ತಿ ಬಂದಾಗ ಇಬ್ಬರ ನಡುವೆ ನಿಂತು ಸಂಧಿ ಮಾಡಿಸಿದವಳು ಅವಳು. 1230ರಲ್ಲಿ, ಮದುವೆಯಾಗಿ 25 ವರ್ಷಗಳಾದ ಮೇಲೆ, ಗಡಿಯ ನಾರ್ಮನ್ ಪ್ರಭು ವಿಲಿಯಂ ಡಿ ಬ್ರೋಸ್ ಅವಳ ಕೋಣೆಯಲ್ಲಿ ಸಿಕ್ಕಿಬಿದ್ದ. ಲೆವೆಲಿನ್ ಅವನನ್ನು ಎಲ್ಲರೆದುರು ಗಲ್ಲಿಗೇರಿಸಿದ, ಹೆಂಡತಿಯನ್ನು ಸೆರೆಯಲ್ಲಿಟ್ಟ. ಒಂದು ವರ್ಷದ ಬಳಿಕ ಮತ್ತೆ ಮನೆ ತುಂಬಿಸಿಕೊಂಡ. ಅವಳು 1237ರಲ್ಲಿ ಸತ್ತಾಗ, ಅವಳನ್ನು ಹೂಳಿದ ಕಡಲತೀರದಲ್ಲಿ ಅವಳ ನೆನಪಿಗಾಗಿಯೇ ಮಠ ಕಟ್ಟಿಸಿದ. ಹದಿಮೂರನೆಯ ಶತಮಾನದ ಅರಸನೊಬ್ಬ ಹೆಂಡತಿಯನ್ನು ಕ್ಷಮಿಸಿ, ಆ ಕ್ಷಮೆಯನ್ನು ಕಲ್ಲಿನಲ್ಲಿ ನಿಲ್ಲಿಸಿದ ಬೇರೊಂದು ಕಥೆ ನನ್ನ ಓದಿಗೆ ಸಿಕ್ಕಿಲ್ಲ.

ಆಗ ನಾನು ಕೆಲಸದ ಸಲುವಾಗಿ ಕಾರ್ಡಿಫ್‌ನಲ್ಲಿದ್ದೆ. ಪಕ್ಕದ ಮನೆಯ ಅಜ್ಜಿಗೆ ವೆಲ್ಷ್ ಮನೆಮಾತು. ಲೆವೆಲಿನ್ ಎಂಬ ಹೆಸರನ್ನು ನಾನು ಹೇಳಿದ್ದು ಕೇಳಿ ಅವರು ತಲೆಯಾಡಿಸಿದರು. ನಾಲಿಗೆಯನ್ನು 'ಲ' ಹೇಳುವ ಜಾಗದಲ್ಲೇ ಇಟ್ಟು, ದನಿ ಹೊರಡಿಸದೆ, ಎರಡೂ ಕೆನ್ನೆಗಳ ಕಡೆಯಿಂದ ಗಾಳಿ ಬಿಡಬೇಕು. ಆ ಮೊದಲ ಅಕ್ಷರ ಹಾಗೆ ಹುಟ್ಟುತ್ತದೆ. ಕನ್ನಡದಲ್ಲಿ ಬರೆಯಲು ಅದಕ್ಕೆ ಅಕ್ಷರವಿಲ್ಲ, ಅದಕ್ಕೇ ಇಲ್ಲಿ ಬರಿಯ 'ಲೆ' ಬರೆಯುತ್ತಿದ್ದೇನೆ. ಹೆಸರುಗಳ ನಡುವೆ ಬರುವ 'ಆಪ್' ಎಂದರೆ ಇಂಥವನ ಮಗ ಎಂದೂ, ಮುಂದೆ ಸ್ವರ ಬಂದರೆ ಅದು 'ಆಬ್' ಆಗುತ್ತದೆಂದೂ, ಮಗಳಾದರೆ 'ವೆರ್ಖ್' ಎನ್ನಬೇಕೆಂದೂ ಹೇಳಿಕೊಟ್ಟವರು ಅವರೇ. ಹೆಸರಿನ ಮುಂದೆ ಊರಿನ ಮತ್ತು ಅಪ್ಪನ ಹೆಸರಿನ ಮೊದಲಕ್ಷರ ಇಟ್ಟುಕೊಂಡು ಬೆಳೆದ ನನಗೆ ಇದು ಕಷ್ಟವಾಗಲಿಲ್ಲ. ನಮ್ಮ ಇನಿಷಿಯಲ್ ಒಂದು ತಲೆಮಾರಿಗೆ ನಿಲ್ಲುತ್ತದೆ, ಇವರದು ಏಳೆಂಟು ತಲೆಮಾರು ಹಿಂದಕ್ಕೆ ಹೋಗುತ್ತದೆ.

ಹೋಗಲೇಬೇಕಿತ್ತು, ಯಾಕೆಂದರೆ ಪಾಲು ಅದರ ಮೇಲೆ ನಿಂತಿತ್ತು. ಹತ್ತನೆಯ ಶತಮಾನದ ಅರಸ ಹವೆಲ್ ದಾ ವೇಲ್ಸ್‌ನ ಬಹುಭಾಗವನ್ನು ಒಂದೇ ಆಳ್ವಿಕೆಗೆ ತಂದವನು. 'ದಾ' ಎಂದರೆ ಒಳ್ಳೆಯವನು. ದೇಶದ ಕಟ್ಟಳೆಗಳೆಲ್ಲ ಅವನ ಹೆಸರಿನಲ್ಲೇ ಉಳಿದು ಬಂದಿವೆ. ಆ ಕಟ್ಟಳೆಗಳಂತೆ ತಂದೆಯ ಭೂಮಿ ಎಲ್ಲ ಗಂಡುಮಕ್ಕಳಿಗೂ ಸಮಪಾಲು. ಮದುವೆಯಾಗದ ಹೆಣ್ಣಿನಲ್ಲಿ ಹುಟ್ಟಿದ ಮಗನಿಗೂ, ತಂದೆ ಒಪ್ಪಿಕೊಂಡಿದ್ದರೆ, ಅಷ್ಟೇ ಪಾಲು. ಕಿರಿಯವನು ಭಾಗ ಹಾಕಬೇಕು, ಹಿರಿಯವನು ಮೊದಲು ಆರಿಸಿಕೊಳ್ಳಬೇಕು. ಗಂಡಹೆಂಡಿರು ಏಳು ವರ್ಷ ಬಾಳಿ ಬೇರೆಯಾದರೆ ಮನೆಯ ಸಾಮಾನು ಅರ್ಧರ್ಧ. ಹಂದಿಗಳು ಗಂಡನಿಗೆ, ಕುರಿಗಳು ಹೆಂಡತಿಗೆ ಎನ್ನುವಷ್ಟು ವಿವರವಾಗಿ ಬರೆದಿಟ್ಟಿದ್ದಾರೆ. ಆದರೆ ಮಗಳಿಗೆ ತಂದೆಯ ನೆಲದಲ್ಲಿ ಪಾಲಿಲ್ಲ.

ಇದನ್ನು ಓದುವಾಗ ನನಗೆ ನಮ್ಮ ಅಜ್ಜನ ಮನೆಯ ಜಗಲಿ ನೆನಪಾಯಿತು. ಅಲ್ಲಿ ದೊಡ್ಡಪ್ಪ ಭಾಗ ಹಾಕಿದರು, ಕಿರಿಯ ಚಿಕ್ಕಪ್ಪ ಮೊದಲು ಆರಿಸಿದರು. ಕ್ರಮ ಉಲ್ಟಾ, ನ್ಯಾಯ ಅದೇ: ಭಾಗ ಹಾಕುವವನಿಗೆ ಯಾವ ಭಾಗ ಉಳಿಯುತ್ತದೆಂದು ಗೊತ್ತಿರಬಾರದು. ಅತ್ತೆಯರಿಬ್ಬರು ಕಾಫಿ ಕೊಟ್ಟು, ಕಾಗದಕ್ಕೆ ಸಹಿ ಹಾಕಿ ಒಳಗೆ ಹೋದರು. ಅವತ್ತು ಅದು ಯಾರಿಗೂ ವಿಚಿತ್ರವೆನಿಸಲಿಲ್ಲ.

ಹೊಲಕ್ಕೆ ಈ ಕಟ್ಟಳೆ ಒಳ್ಳೆಯದು ಎಂದು ನಾನು ನಂಬುತ್ತೇನೆ. ಒಬ್ಬ ಅಣ್ಣ ಎಲ್ಲವನ್ನೂ ನುಂಗಿ ಉಳಿದವರನ್ನು ಬೀದಿಗೆ ಕಳುಹಿಸುವ ಇಂಗ್ಲಿಷ್ ಪದ್ಧತಿಗಿಂತ ಇದರಲ್ಲಿ ಕರುಣೆಯಿದೆ. ಆದರೆ ಸಿಂಹಾಸನವನ್ನು ಸರಪಳಿ ಹಿಡಿದು ಅಳೆಯಲಾಗದು. ರಾಜ್ಯ ಒಬ್ಬನಿಗೇ ಹೋಗಬೇಕೆಂದು ಆಸ್ಥಾನ ಎಷ್ಟೇ ಹೇಳಿದರೂ, ತನಗೂ ಪಾಲಿದೆ ಎಂದು ಪ್ರತಿಯೊಬ್ಬ ಮಗನೂ ಎದೆಯಲ್ಲಿ ನಂಬಿಕೊಂಡೇ ಬೆಳೆಯುತ್ತಿದ್ದ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು.

ಶುವಾನಳ ಗಂಡನ ಅಜ್ಜ ಒವೈನ್ ಗ್ವಿನೆದ್‌ನನ್ನೇ ನೋಡಿ. ಇಂಗ್ಲೆಂಡಿನ ಎರಡನೆಯ ಹೆನ್ರಿಯನ್ನು ಹಿಮ್ಮೆಟ್ಟಿಸಿದವನು. 1170ರಲ್ಲಿ ಅವನು ತೀರಿಕೊಂಡ ವರ್ಷವೇ ಮಕ್ಕಳು ಹೊಡೆದಾಡಿದರು. ಅವರಲ್ಲಿ ಹವೆಲ್ ಎಂಬವನು ಕವಿಯೂ ಆಗಿದ್ದ. ತಾಯಿ ಐರ್ಲೆಂಡಿನವಳು. ತನ್ನ ನಾಡಿನ ಕಡಲಂಚನ್ನು, ಬಿಳಿಯ ಕಡಲಹಕ್ಕಿಗಳನ್ನು, ತಾನು ಮೆಚ್ಚಿದ ಹೆಣ್ಣುಗಳನ್ನು ಹಾಡಿದ ಅವನ ಪದ್ಯಗಳು ಇವತ್ತಿಗೂ ಉಳಿದಿವೆ. ಮಲಸಹೋದರರಾದ ದಾವಿದ್ ಮತ್ತು ರೋಡ್ರಿ ಅವನನ್ನು ಆಂಗ್ಲ್‌ಸಿಯ ಪೆಂತ್ರೈಥ್ ಬಳಿ ಕೊಂದರು. ಅವನ ಜೊತೆ ನಿಂತು ಸತ್ತವರು ಅವನ ಸಾಕುತಂದೆ ಕೆಡಿವೊರ್‌ನ ಮಕ್ಕಳು. ವೇಲ್ಸ್‌ನಲ್ಲಿ ಅರಸುಮಕ್ಕಳನ್ನು ಬೇರೆ ಮನೆಯಲ್ಲಿ ಬೆಳೆಸುವ ರೂಢಿಯಿತ್ತು. ಆ ಮನೆಯ ಹುಡುಗರಿಗೆ ಅವನ ಆಸ್ತಿಯಲ್ಲಿ ಪಾಲಿರಲಿಲ್ಲ, ಅವನ ಮೇಲೆ ಪ್ರೀತಿಯಿತ್ತು. ಉಳಿದ ಸಾಕುಸೋದರ ಪೆರಿವ್ ಬರೆದ ಶೋಕಗೀತೆಯಿಂದ ಇದು ನಮಗೆ ತಿಳಿಯುತ್ತದೆ.

ಈ ರೋಗಕ್ಕೆ ಮದ್ದು ಹುಡುಕಿದವನು ಮಹಾ ಲೆವೆಲಿನ್, ಅಂದರೆ ಯೋರ್ವೆರ್ಥ್‌ನ ಮಗ ಲೆವೆಲಿನ್. ಅವನೇ ಚಿಕ್ಕಪ್ಪಂದಿರನ್ನು ಸೋಲಿಸಿ ಮೇಲೆ ಬಂದವನಾದ್ದರಿಂದ ರೋಗದ ಬೇರು ಅವನಿಗೆ ಗೊತ್ತಿತ್ತು. ಮೊದಲ ಮಗ ಗ್ರಿಫಿದ್ ಮದುವೆಯಾಚೆ ಹುಟ್ಟಿದವನು, ಹವೆಲ್‌ನ ಕಟ್ಟಳೆಯಂತೆ ಪೂರ್ತಿ ಹಕ್ಕುದಾರ. ಶುವಾನಳ ಮಗ ದಾವಿದ್ ಒಬ್ಬನೇ ಉತ್ತರಾಧಿಕಾರಿ ಎಂದು ಲೆವೆಲಿನ್ ತೀರ್ಮಾನಿಸಿದ. ಇಂಗ್ಲೆಂಡಿನ ದೊರೆಯಿಂದ ಒಪ್ಪಿಗೆ ತಂದ, ಪೋಪ್‌ನಿಂದ ಒಪ್ಪಿಗೆ ತಂದ, 1226ರಲ್ಲಿ ಶುವಾನಳ ಹುಟ್ಟನ್ನೂ ಪೋಪ್‌ನಿಂದ ಸಕ್ರಮ ಮಾಡಿಸಿದ. 1238ರಲ್ಲಿ ಸ್ಟ್ರಾಟಾ ಫ್ಲೋರಿಡಾ ಮಠಕ್ಕೆ ವೇಲ್ಸ್‌ನ ಪ್ರಭುಗಳನ್ನೆಲ್ಲ ಕರೆಸಿ ದಾವಿದ್‌ಗೆ ನಿಷ್ಠೆಯ ಪ್ರಮಾಣ ಮಾಡಿಸಿದ. ಎರಡು ವರ್ಷಕ್ಕೆ ತಾನು ಸತ್ತ.

ದಾವಿದ್ ಅಣ್ಣನನ್ನು ಕ್ರಿಕಿಯೆತ್ ಕೋಟೆಯಲ್ಲಿ ಕೂಡಿಹಾಕಿದ. ಆಗ ಗ್ರಿಫಿದ್‌ನ ಹೆಂಡತಿ ಸೆನಾನಾ ಮಾಡಿದ ಕೆಲಸ ನನ್ನನ್ನು ಇಂದಿಗೂ ಕಾಡುತ್ತದೆ. 1241ರಲ್ಲಿ ಅವಳು ಮೂರನೆಯ ಹೆನ್ರಿ ದೊರೆಯ ಬಳಿಗೆ ಹೋಗಿ ಒಪ್ಪಂದ ಮಾಡಿಕೊಂಡಳು: 600 ಮಾರ್ಕ್ ಹಣ ಕೊಡುತ್ತೇನೆ, ನನ್ನ ಗಂಡನನ್ನು ಬಿಡಿಸಿ ಅವನ ಪಾಲು ಕೊಡಿಸಿ. ಒತ್ತೆಯಾಗಿ ತನ್ನ ಕಿರಿಯ ಮಕ್ಕಳಿಬ್ಬರನ್ನು ಒಪ್ಪಿಸುವುದಕ್ಕೂ ಮಾತು ಕೊಟ್ಟಳು. ಹೆನ್ರಿ ದಂಡೆತ್ತಿ ಹೋದ, ದಾವಿದ್ ಮಣಿದ, ಗ್ರಿಫಿದ್ ಕೈಗೆ ಸಿಕ್ಕ. ಅವನನ್ನು ಹೆನ್ರಿ ಮನೆಗೆ ಕಳುಹಿಸಲಿಲ್ಲ, ಲಂಡನ್ ಟವರ್‌ಗೆ ಒಯ್ದ. ದಾವಿದ್ ತಲೆಯೆತ್ತಿದರೆ ಅಣ್ಣನನ್ನು ಛೂ ಬಿಡಬಹುದಲ್ಲ. 1244ರ ಮಾರ್ಚ್ 1ರಂದು, ವೇಲ್ಸ್‌ನ ಸಂತ ಡೇವಿಡ್‌ನ ಹಬ್ಬದ ದಿನ, ಗ್ರಿಫಿದ್ ಹಾಸಿಗೆಯ ಬಟ್ಟೆಗಳನ್ನು ಗಂಟು ಹಾಕಿ ಹಗ್ಗ ಮಾಡಿ ಕಿಟಕಿಯಿಂದ ಇಳಿಯಲು ಹೋದ. ಭಾರದ ಆಳು. ಹಗ್ಗ ಹರಿಯಿತು. ಮ್ಯಾಥ್ಯೂ ಪ್ಯಾರಿಸ್ ಎಂಬ ಸನ್ಯಾಸಿ ತನ್ನ ಇತಿಹಾಸದ ಹಸ್ತಪ್ರತಿಯ ಅಂಚಿನಲ್ಲಿ, ತಲೆಕೆಳಗಾಗಿ ಬೀಳುತ್ತಿರುವ ಆ ಮನುಷ್ಯನ ಚಿತ್ರ ಬರೆದಿಟ್ಟಿದ್ದಾನೆ.

ದಾವಿದ್ ಮಕ್ಕಳಿಲ್ಲದೆ 1246ರಲ್ಲಿ ಸತ್ತ. ಇಷ್ಟೆಲ್ಲ ಮಾಡಿ ಉಳಿಸಿದ ಒಂಟಿ ಎಳೆ ಅಲ್ಲಿಗೆ ಮುಗಿಯಿತು. ರಾಜ್ಯ ಟವರ್‌ನಿಂದ ಬಿದ್ದವನ ನಾಲ್ಕು ಗಂಡುಮಕ್ಕಳಿಗೆ ಬಂತು: ಒವೈನ್, ಲೆವೆಲಿನ್, ದಾವಿದ್, ರೋಡ್ರಿ. ಹೆಸರುಗಳು ಹಿಂದಿನವೇ, ಮನುಷ್ಯರು ಬೇರೆ.

ಮೊದಲಿಬ್ಬರು ಹಂಚಿಕೊಂಡರು. ಆಮೇಲೆ 1255ರಲ್ಲಿ ಬ್ರಿನ್ ಡೆರ್ವಿನ್ ಎಂಬ ಕಣಿವೆದಾರಿಯಲ್ಲಿ ಲೆವೆಲಿನ್ ಅಣ್ಣ ಒವೈನ್‌ನನ್ನೂ ತಮ್ಮ ದಾವಿದ್‌ನನ್ನೂ ಸೋಲಿಸಿದ. ಒವೈನ್ ಮುಂದಿನ 22 ವರ್ಷ ಸೆರೆಯಲ್ಲಿ ಕಳೆದ. ಲಾನ್‌ಬೆರಿಸ್ ಊರಿನ ಕೆರೆಯ ಮೇಲೆ ಒಂಟಿಯಾಗಿ ನಿಂತಿರುವ ಡೊಲ್‌ಬಾಡರ್ನ್ ಗೋಪುರದಲ್ಲಿ ಎಂದು ಜನ ಹೇಳುತ್ತಾರೆ. ಅಪ್ಪನನ್ನು ಗೋಪುರದಲ್ಲಿ ಕಳೆದುಕೊಂಡ ಮಗ ಅಣ್ಣನನ್ನು ಗೋಪುರದಲ್ಲಿಟ್ಟ. ನಾನು ಲೆವೆಲಿನ್‌ನನ್ನು ಮೆಚ್ಚುತ್ತೇನೆ, ಆದರೆ ಇದನ್ನು ಮರೆತು ಮೆಚ್ಚಲಾರೆ.

ಆ ಸೆರೆಯ ಬೆನ್ನ ಮೇಲೆಯೇ ಲೆವೆಲಿನ್ ಬೆಳೆದ. 1267ರ ಮಾಂಟ್‌ಗಮರಿ ಒಪ್ಪಂದದಲ್ಲಿ ಹೆನ್ರಿ ಅವನನ್ನು ವೇಲ್ಸ್‌ನ ಪ್ರಭು ಎಂದು ಒಪ್ಪಿಕೊಂಡ. ಅದಕ್ಕೆ ಕೊಡಲೊಪ್ಪಿದ ಹಣ 25,000 ಮಾರ್ಕ್, ಬಡ ಗುಡ್ಡಗಾಡಿನ ರಾಜ್ಯಕ್ಕೆ ಬೆನ್ನು ಮುರಿಯುವ ಮೊತ್ತ. ಕಿರಿಯ ರೋಡ್ರಿ ತನ್ನ ಹಕ್ಕನ್ನು 1,000 ಮಾರ್ಕ್‌ಗೆ ಅಣ್ಣನಿಗೇ ಮಾರಿ ಇಂಗ್ಲೆಂಡಿನಲ್ಲಿ ನೆಲೆಸಿದ. ದಾವಿದ್ ಮಾತ್ರ ಅತ್ತಿತ್ತ ತೂಗಾಡುತ್ತಲೇ ಇದ್ದ. 1263ರಲ್ಲಿ ಇಂಗ್ಲೆಂಡಿನ ಪಾಳೆಯಕ್ಕೆ ಹೋದ, ಮರಳಿ ಬಂದ. 1274ರ ಫೆಬ್ರವರಿ 2ರ ರಾತ್ರಿ ಅಣ್ಣನನ್ನು ಕೊಲ್ಲಲು ಪೊವಿಸ್ ರಾಜ್ಯದ ಅರಸನೊಡನೆ ಸಂಚು ಹೂಡಿದ. ಅವತ್ತು ಹಿಮದ ಬಿರುಗಾಳಿ ಎದ್ದು ಆಳುಗಳು ತಲುಪಲಾಗಲಿಲ್ಲ. ದಾವಿದ್ ಮತ್ತೆ ಇಂಗ್ಲೆಂಡಿಗೆ ಓಡಿದ, 1277ರಲ್ಲಿ ಹೆನ್ರಿಯ ಮಗ ಎಡ್ವರ್ಡ್ ದೊರೆಯ ಸೈನ್ಯದಲ್ಲಿ ನಿಂತು ಅಣ್ಣನ ಮೇಲೆಯೇ ಹೋರಾಡಿ ಭೂಮಿ ಪಡೆದ. ಆ ಯುದ್ಧದಲ್ಲಿ ಲೆವೆಲಿನ್ ಬಹುಪಾಲು ಕಳೆದುಕೊಂಡ. ಒವೈನ್ ಬಿಡುಗಡೆಯಾದದ್ದು ಆಗಲೇ.

1282ರ ಮಾರ್ಚ್‌ನಲ್ಲಿ, ಗರಿಗಳ ಭಾನುವಾರದ ಹೊತ್ತಿಗೆ, ಅದೇ ದಾವಿದ್ ಎಡ್ವರ್ಡ್‌ನ ಮೇಲೆ ತಿರುಗಿಬಿದ್ದು ಹಾರ್ಡನ್ ಕೋಟೆಗೆ ನುಗ್ಗಿದ. ಬಂಡಾಯ ದಾವಿದ್ ಹಚ್ಚಿದ್ದು, ಆದರೆ ಲೆವೆಲಿನ್ ಅವನ ಜೊತೆ ನಿಂತ. ತನ್ನನ್ನು ಕೊಲ್ಲಲು ಹೊರಟಿದ್ದ ತಮ್ಮನ ಪಕ್ಕದಲ್ಲಿ. ಯಾಕೆಂದು ಇತಿಹಾಸಕಾರರು ನೂರು ಕಾರಣ ಕೊಡುತ್ತಾರೆ. ಜಗಲಿಯ ಮೇಲೆ ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರು ಹೊರಗಿನವನು ಬೇಲಿ ಸರಿಸಿದ ದಿನ ಒಟ್ಟಿಗೆ ಎದ್ದು ನಿಲ್ಲುವುದನ್ನು ನೋಡಿದ ನನಗೆ ಅಷ್ಟು ಕಾರಣಗಳು ಬೇಕಾಗಲಿಲ್ಲ.

ಆ ಜೂನ್‌ನಲ್ಲಿ ಲೆವೆಲಿನ್‌ನ ಹೆಂಡತಿ ಎಲೆನರ್ ಹೆರಿಗೆಯಲ್ಲಿ ತೀರಿಕೊಂಡಳು. ಅವಳು ದೊರೆಗೆ ಎದುರು ನಿಂತು ಸತ್ತ ಸೈಮನ್ ಡಿ ಮಾಂಟ್‌ಫರ್ಟ್‌ನ ಮಗಳು, ಎಡ್ವರ್ಡ್‌ನಿಗೆ ಸೋದರತ್ತೆಯ ಮಗಳೂ ಹೌದು. ಮದುವೆಗೆಂದು ಫ್ರಾನ್ಸಿನಿಂದ ಹಡಗಿನಲ್ಲಿ ಬರುತ್ತಿದ್ದವಳನ್ನು ಹಿಡಿಸಿ ಸುಮಾರು ಮೂರು ವರ್ಷ ಇಟ್ಟುಕೊಂಡು, 1278ರಲ್ಲಿ ವುಸ್ಟರ್‌ನಲ್ಲಿ ತಾನೇ ಮುಂದೆ ನಿಂತು ಮದುವೆ ಮಾಡಿಸಿದ್ದವನು ಎಡ್ವರ್ಡ್. ಹುಟ್ಟಿದ್ದು ಹೆಣ್ಣುಮಗು. ಹೆಸರು ಗ್ವೆನ್‌ಲಿಯನ್.

ಚಳಿಗಾಲದ ಹೊಸ್ತಿಲಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಪೆಕಮ್ ಸಂಧಾನಕ್ಕೆ ಬಂದ. ಎರಿರಿ ಬೆಟ್ಟಸೀಮೆಯನ್ನು ಬಿಟ್ಟುಕೊಟ್ಟರೆ ಇಂಗ್ಲೆಂಡಿನಲ್ಲಿ ವರ್ಷಕ್ಕೆ 1,000 ಪೌಂಡ್ ಹುಟ್ಟುವಳಿಯ ಭೂಮಿ ಸಿಗುತ್ತದೆ ಎಂದು ಆಮಿಷ. ಲೆವೆಲಿನ್ ಒಲ್ಲೆ ಎಂದ. ಎರಿರಿಯ ಜನ ಕಳುಹಿಸಿದ ಉತ್ತರ ಅವನದಕ್ಕಿಂತ ದೊಡ್ಡದು: ನಮ್ಮ ಪ್ರಭು ಬಿಟ್ಟುಕೊಟ್ಟರೂ, ಯಾರ ಭಾಷೆ, ನಡೆ, ಕಟ್ಟಳೆ ನಮಗೆ ತಿಳಿಯದೋ ಅಂಥ ಪರಕೀಯನಿಗೆ ನಾವು ತಲೆಬಾಗುವುದಿಲ್ಲ.

ಡಿಸೆಂಬರ್ 11ರಂದು ಲೆವೆಲಿನ್ ತನ್ನ ಸೈನ್ಯದಿಂದ ಬೇರ್ಪಟ್ಟು, ಇರ್ವಾನ್ ಹೊಳೆಯ ಬಳಿ, ಅವನು ಯಾರೆಂದು ಗುರುತಿಸದ ಸೈನಿಕನ ಕೈಯಲ್ಲಿ ಸತ್ತ. ಅವನ ತಲೆಯನ್ನು ಲಂಡನ್ ಟವರ್ ಮೇಲೆ ಚುಚ್ಚಿ ನಿಲ್ಲಿಸಿದರು. ಅವನ ಅಪ್ಪ 38 ವರ್ಷಗಳ ಹಿಂದೆ ಬಿದ್ದು ಸತ್ತದ್ದು ಅಲ್ಲೇ.

ಕಿಲ್ಮೆರಿ ಎಂಬ ಆ ಜಾಗಕ್ಕೆ ನಾನು ಹೋದೆ. ರಸ್ತೆಯ ಪಕ್ಕದ ದಿಬ್ಬದ ಮೇಲೆ ಕೆತ್ತದ, ಹಾಗೇ ಎತ್ತಿ ನಿಲ್ಲಿಸಿದ ದೊಡ್ಡ ಬಂಡೆ. ಕೆಳಗೆ ನಾಲ್ಕು ಮೆಟ್ಟಿಲಿಳಿದರೆ ಒಂದು ಒರತೆ, ಕಡಿದ ತಲೆಯನ್ನು ತೊಳೆದದ್ದು ಅಲ್ಲಿ ಎನ್ನುತ್ತಾರೆ. ಅವನ ಹೆಸರಿನ ಮುಂದೆ ವೆಲ್ಷ್‌ನಲ್ಲಿ ಅವರು ಸೇರಿಸುವ ಮಾತು 'ಐನ್ ಲಿವ್ ಓಲಾವ್'. 'ಲಿವ್' ಎಂದರೆ ನಾಯಕ. ಅದೇ ಪದಕ್ಕೆ ಚುಕ್ಕಾಣಿ ಎಂಬ ಅರ್ಥವೂ ಇದೆ ಎಂದು ಅಜ್ಜಿ ಹೇಳಿದ್ದರು. ಇಂಗ್ಲಿಷಿನಲ್ಲಿ ಹೇಳಿದಾಗ ಸಪ್ಪೆಯಾದದ್ದು ಕನ್ನಡದಲ್ಲಿ ಯೋಚಿಸಿದ ಕೂಡಲೇ ಹಾಗೇ ಕೂತಿತು: ನಮ್ಮ ಕೊನೆಯ ಚುಕ್ಕಾಣಿ. ಗ್ರಿಫಿದ್ ಎಂಬ ಕವಿ, 'ಕೆಂಪು ನ್ಯಾಯಾಧೀಶನ ಮಗ', ಅವನ ಸಾವಿಗೆ ಬರೆದ ಶೋಕಗೀತೆಯಲ್ಲಿ ಗಾಳಿಮಳೆಯ ಹಾದಿ ಕಾಣುತ್ತಿಲ್ಲವೇ, ಓಕ್ ಮರಗಳು ಒಂದಕ್ಕೊಂದು ಅಪ್ಪಳಿಸುತ್ತಿರುವುದು ಕಾಣುತ್ತಿಲ್ಲವೇ ಎಂದು ಕೇಳುತ್ತಾ ಹೋಗುತ್ತಾನೆ. ನಾನು ನಿಂತಿದ್ದ ದಿನ ಗಾಳಿ ಇರಲಿಲ್ಲ. ಕುರಿಗಳು ಮೇಯುತ್ತಿದ್ದವು. ಬಂಡೆಯ ಬುಡದಲ್ಲಿ ಯಾರೋ ಇಟ್ಟ ಹೂವು ಒಣಗಿತ್ತು.

ಎಡ್ವರ್ಡ್ ಆಮೇಲೆ ಮಾಡಿದ್ದನ್ನು ಗಮನವಿಟ್ಟು ನೋಡಬೇಕು. ಅವನು ಬರೀ ಗೆದ್ದು ಸುಮ್ಮನಾಗಲಿಲ್ಲ. ದಾವಿದ್‌ನನ್ನು 1283ರ ಅಕ್ಟೋಬರ್ 3ರಂದು ಶ್ರೂಸ್‌ಬರಿಯಲ್ಲಿ ಎಳೆದಾಡಿಸಿ, ಗಲ್ಲಿಗೇರಿಸಿ, ನಾಲ್ಕು ತುಂಡು ಮಾಡಿಸಿದ. ಲೆವೆಲಿನ್, ಎಲೆನರ್, ದಾವಿದ್ ಮೂವರ ಮುದ್ರೆಗಳನ್ನು ಕರಗಿಸಿ ಬೆಳ್ಳಿಯ ಪೂಜಾಪಾತ್ರೆ ಮಾಡಿಸಿ ತಾನು ಕಟ್ಟಿಸುತ್ತಿದ್ದ ಮಠಕ್ಕೆ ಕೊಟ್ಟ. ಮಹಾ ಲೆವೆಲಿನ್‌ನ ಸಮಾಧಿಯಿದ್ದ ಮಠವನ್ನು ಬೇರೆಡೆಗೆ ಸಾಗಹಾಕಿ ಅಲ್ಲಿ ಕೊನ್ವಿ ಕೋಟೆ ಎಬ್ಬಿಸಿದ. ದಾವಿದ್‌ನ ಇಬ್ಬರು ಹುಡುಗರನ್ನು ಬ್ರಿಸ್ಟಲ್ ಕೋಟೆಗೆ ಹಾಕಿದರು. ಒಬ್ಬ 1287ರಲ್ಲಿ ಸತ್ತ. ಇನ್ನೊಬ್ಬ, ಒವೈನ್, 22 ವರ್ಷ ಅಲ್ಲೇ ಬೆಳೆದು ಗಂಡಸಾದ ಮೇಲೆ, ರಾತ್ರಿ ಹೊತ್ತು ಅವನನ್ನು ಕಬ್ಬಿಣದ ಪಟ್ಟಿ ಬಿಗಿದ ಮರದ ಪಂಜರದಲ್ಲಿ ಇಡಬೇಕೆಂದು 1305ರಲ್ಲಿ ದೊರೆಯ ಅಪ್ಪಣೆ ಬಂತು.

ಗ್ವೆನ್‌ಲಿಯನ್‌ಗೆ ಆಗ ಒಂದು ವರ್ಷ ದಾಟಿತ್ತಷ್ಟೆ. ಅವಳನ್ನು ಇಂಗ್ಲೆಂಡಿನ ಪೂರ್ವದ ಲಿಂಕನ್‌ಶರ್‌ನ ಸೆಂಪ್ರಿಂಗಮ್ ಮಠಕ್ಕೆ ಕಳುಹಿಸಿದರು, ಸನ್ಯಾಸಿನಿಯಾಗಿ ಬೆಳೆಸಲು. ದಾವಿದ್‌ನ ಮಗಳು ಗ್ಲಾದಿಸ್‌ಗೆ ಇನ್ನೊಂದು ಮಠ. ಹೆಣ್ಣುಕೂಸುಗಳ ಮೇಲೆ ಕನಿಕರದಿಂದ ಹೀಗೆ ಮಾಡಿದೆ ಎಂದು ಎಡ್ವರ್ಡ್ ಬರೆಸಿದ.

ಇಲ್ಲಿ ನಾನು ಬಹಳ ದಿನ ತಡವರಿಸಿದೆ. ಹವೆಲ್‌ನ ಕಟ್ಟಳೆಯಂತೆ ಮಗಳಿಗೆ ಪಾಲಿಲ್ಲವಲ್ಲ? ಹಾಗಾದರೆ ತೊಟ್ಟಿಲ ಕೂಸಿಗೆ ಯಾಕಿಷ್ಟು ಹೆದರಿಕೆ? ಉತ್ತರ ಸಿಕ್ಕಿದ್ದು 1284ರ ರಡ್ಲನ್ ಶಾಸನದಲ್ಲಿ. ಗೆದ್ದ ನಾಡಿಗೆ ಎಡ್ವರ್ಡ್ ಮಾಡಿದ ಕಾನೂನು ಅದು. ಗಂಡುಮಕ್ಕಳ ನಡುವೆ ಪಾಲಿನ ಪದ್ಧತಿ ಮುಂದುವರಿಯಲಿ ಎಂದ. ಮದುವೆಯಾಚೆ ಹುಟ್ಟಿದವರಿಗೆ ಪಾಲಿಲ್ಲ ಎಂದ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಹೆಣ್ಣುಮಕ್ಕಳು ವಾರಸುದಾರರು ಎಂದೂ ಹೇಳಿದ. ವೇಲ್ಸ್‌ನ ಹೆಣ್ಣುಮಕ್ಕಳಿಗೆ ನೆಲದ ಹಕ್ಕು ಬಂದದ್ದು ಹಾಗೆ, ವೈರಿಯ ಲೇಖನಿಯಿಂದ. ಆ ಕಾನೂನಿನ ಕಣ್ಣಿನಿಂದ ನೋಡಿದರೆ ಲೆವೆಲಿನ್‌ನ ಒಬ್ಬಳೇ ಮಗಳು ಯಾರು? ಅವಳಿಗೆ ಮದುವೆಯಾಗಿ ಒಬ್ಬ ಮಗ ಹುಟ್ಟಿದರೆ ಅವನು ಯಾರು? ಎಡ್ವರ್ಡ್ ಅದನ್ನು ಮೊದಲೇ ಲೆಕ್ಕ ಹಾಕಿದ್ದ. ಶಾಸನ ಹೊರಡುವ ಮುಂಚೆಯೇ ಮಗು ಮಠದ ಗೋಡೆಯ ಒಳಗಿತ್ತು. ತನ್ನವರ ಕಟ್ಟಳೆಯಲ್ಲಿ ಅವಳಿಗೆ ಪಾಲಿರಲಿಲ್ಲ, ಪರರ ಕಾನೂನು ಪಾಲು ಕೊಡುವಂತಾದಾಗ ಅವಳು ಸನ್ಯಾಸಿನಿ. ಎರಡು ನ್ಯಾಯಗಳ ನಡುವೆ ಒಬ್ಬ ಹೆಂಗಸಿನ ಇಡೀ ಆಯುಷ್ಯ ಸಿಕ್ಕಿಕೊಂಡಿತು.

ಹಕ್ಕು ಮಾರಿದ ರೋಡ್ರಿ ನೆಮ್ಮದಿಯಾಗಿ ಮುದುಕನಾದ. ಆದರೆ ಅವನ ಮೊಮ್ಮಗ ಒವೈನ್ ಫ್ರಾನ್ಸಿನ ದೊರೆಯ ಸೈನ್ಯದಲ್ಲಿ ಹೆಸರು ಮಾಡಿ, ವೇಲ್ಸ್ ನನ್ನದು ಎಂದು ಸಾರಿದ. ಇಂಗ್ಲೆಂಡ್ ಹಣ ಕೊಟ್ಟು 1378ರಲ್ಲಿ ಅವನನ್ನು ಕೊಲ್ಲಿಸಿತು. ಇತ್ತ ಮಹಾ ಲೆವೆಲಿನ್‌ನ ಮಂತ್ರಿ ಎಡ್ನಿವೆಡ್ ವಖಾನ್‌ನ ವಂಶದವನೊಬ್ಬ 1485ರಲ್ಲಿ ಇಂಗ್ಲೆಂಡಿನ ಸಿಂಹಾಸನವನ್ನೇ ಏರಿದ. ಅವನೇ ಟ್ಯೂಡರ್ ಮನೆತನದ ಏಳನೆಯ ಹೆನ್ರಿ. ಅದು ಬೇರೆಯೇ ಕಥೆ, ನನ್ನ ಮನಸ್ಸು ಅತ್ತ ಹೋಗುವುದಿಲ್ಲ.

ಊರಿಗೆ ಮರಳುವ ಮುನ್ನ ಸೆಂಪ್ರಿಂಗಮ್‌ಗೆ ಹೋಗಿಬಂದೆ. ಹೊಲಗಳ ನಡುವೆ ಒಂಟಿ ಚರ್ಚು, ಮಠದ ಗುರುತೂ ಮೇಲೆ ಉಳಿದಿಲ್ಲ. ಚಪ್ಪಟೆ ನೆಲ, ಎಲ್ಲಿ ತಿರುಗಿದರೂ ಆಕಾಶ. ಬೆಟ್ಟಗಳ ಕೆಳಗೆ, ಕಡಲಿನ ಎದುರು ಹುಟ್ಟಿದ ಮಗು ಇಲ್ಲಿ 54 ವರ್ಷ ಇತ್ತು. ಬೆಟ್ಟ ಎಂದರೇನೆಂದು ಅವಳಿಗೆ ಯಾರಾದರೂ ಹೇಳಿದ್ದರೋ ಇಲ್ಲವೋ. ಅವಳ ಹೆಸರನ್ನು ಇಂಗ್ಲಿಷ್ ಗುಮಾಸ್ತರು ಕೈಗೆ ಬಂದಂತೆ ಬರೆದರು, ಆ 'ಲ' ಅವರ ನಾಲಿಗೆಗೆ ಹೊರಳಲಿಲ್ಲ. ಖರ್ಚಿಗೆ ವರ್ಷಕ್ಕೆ 20 ಪೌಂಡ್ ಬರುತ್ತಿತ್ತು. 1337ರ ಜೂನ್ 7ರಂದು ಅವಳು ತೀರಿಕೊಂಡಳು. 2009ರಲ್ಲಿ ಎರಿರಿಯ ಒಂದು ಶಿಖರಕ್ಕೆ ಕಾರ್ನೆದ್ ಗ್ವೆನ್‌ಲಿಯನ್ ಎಂದು ಹೆಸರಿಟ್ಟಿದ್ದಾರೆ. ಅದರ ಸುತ್ತಲಿನ ಎತ್ತರದ ಶಿಖರಗಳು ಅವಳ ಅಪ್ಪನ, ಅಮ್ಮನ, ಚಿಕ್ಕಪ್ಪನ ಹೆಸರು ಹೊತ್ತಿವೆ.

ಚರ್ಚಿನ ಹಾದಿಯ ಪಕ್ಕದಲ್ಲಿ ಅವಳ ನೆನಪಿನ ಕಲ್ಲಿದೆ. ಹತ್ತಿರ ಯಾರೂ ಇರಲಿಲ್ಲ. ಅಜ್ಜಿ ಕಲಿಸಿದಂತೆ ನಾಲಿಗೆಯನ್ನು ಮೇಲಕ್ಕೆ ಒತ್ತಿ, ಗಾಳಿ ಬಿಟ್ಟು, ಗಟ್ಟಿಯಾಗಿ ಹೇಳಿದೆ: ಗ್ವೆನ್‌ಲಿಯನ್ ವೆರ್ಖ್ ಲೆವೆಲಿನ್ ಆಪ್ ಗ್ರಿಫಿದ್ ಆಪ್ ಲೆವೆಲಿನ್ ಆಬ್ ಯೋರ್ವೆರ್ಥ್ ಆಬ್ ಒವೈನ್ ಆಪ್ ಗ್ರಿಫಿದ್ ಆಪ್ ಕನನ್. ಎರಡನೆಯ ಲೆವೆಲಿನ್ ಬಳಿ ಉಸಿರು ತಪ್ಪಿತು. ಮತ್ತೆ ಮೊದಲಿನಿಂದ ಹೇಳಿದೆ.